ಚಿಗವ್ವ ಹೊರದ ಹರಕೆ

ಹಾಲು ಉಕ್ಕಿ ಒಲೆಯ ಮೇಲೆ ಸೀದ ವಾಸನೆ ನಿಮಗೂ ಗೊತ್ತಿದ್ದದ್ದೇ. ಈ ಬೆಳಿಗ್ಗೆ ಬೆಟಗೇರಿಯ ನಮ್ಮ ಅಡುಗೆಮನೆಯ ತುಂಬ ಅದೇ ವಾಸನೆ. ತಪ್ಪು ನನ್ನದಲ್ಲ, ನನ್ನ ಬಾಯಿಯದು. ಮಹಡಿಯ ಮೇಲೆ ಬಾಡಿಗೆಗಿರುವ ಮುಂಡರಗಿಯ ಹುಡುಗಿ ರೇಣುಕಾ ಊರಿಗೆ ಹೊರಟವಳು ಕೀಲಿ ಕೊಡಲು ಬಂದಿದ್ದಳು. ಮಾತಿಗೆ ನಿಂತರೆ ಒಲೆಯ ಮೇಲೆ ಏನಿದೆ ಎಂಬುದು ನನಗೆ ನೆನಪಿರುವುದಿಲ್ಲ. ಒಲೆ ಒರೆಸಿ, ಉಳಿದ ಹಾಲಿನಲ್ಲಿ ಚಹಾ ಮಾಡಿಕೊಟ್ಟರೆ ಹುಡುಗಿ ಲೋಟ ಮುಟ್ಟಲಿಲ್ಲ.

"ನಾ ಹಾಲು ಬಿಟ್ಟೀನ್ರೀ ಅಕ್ಕಾರ. ವೀಗನ್ ಆಗೀನಿ."

"ಅಂದ್ರ? ಚಹಾದಾಗ ನಾ ಏನು ಮಾಂಸ ಹಾಕೀನೇನವಾ?"

"ಹಂಗಲ್ರೀ. ಹಾಲು ಕರುವಿನ ಪಾಲಲ್ರೀ?" ಅಂದಳು ಮೆಲ್ಲಗೆ.

ಅಯ್ಯ ಶಿವನೇ! ಈ ಮಾತು ನನಗೆ ಹೊಸದಲ್ಲ. ವೀಗನ್ ಎಂಬ ಶಬ್ದ ನಮ್ಮ ಕಿವಿಗೆ ಬೀಳುವುದಕ್ಕೆ ಎಷ್ಟೋ ವರ್ಷ ಮೊದಲೇ ಇದನ್ನು ನಮ್ಮ ಚಿಗವ್ವ ಹೇಳಿದ್ದಳು.

ಲಕ್ಷ್ಮೇಶ್ವರದ ಹತ್ತಿರ ಯಳವತ್ತಿಯಲ್ಲಿ ನಮ್ಮ ಕೂಡುಮನೆ. ಕಾಕಾನ ಹೆಂಡತಿ ನೀಲವ್ವನೇ ನಮಗೆ ಚಿಗವ್ವ. ನಮ್ಮದು ಇರುವೆ ಗೂಡಿಗೆ ಸಕ್ಕರೆ ಹಾಕುವ ಮನೆ. ತತ್ತಿ ಎಂಬ ಮಾತು ಬಾಯಿಗೆ ಬಂದರೂ ನಮ್ಮವ್ವ ಬಾಯಿ ಮುಕ್ಕಳಿಸುವಳು. ಹಾಲಿನ ವಿಷಯ ಬಂದಾಗ ಮಾತ್ರ ಈ ದಯೆ ಧರ್ಮ ಎಲ್ಲ ಸ್ವಲ್ಪ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಗಡಿಗೆಯ ಕೆನೆ ಕದ್ದು ತಿಂದು ಬೆಳೆದ ನಾನು ಇದನ್ನು ಹೇಳುವುದು ಚೆಂದವಲ್ಲ, ಆದರೂ ಹೇಳುತ್ತೇನೆ.

ಎಮ್ಮೆ ಹಿಂಡುವ ಕೆಲಸ ಚಿಗವ್ವನದು. ಹೆಣ್ಣುಗರು ಹುಟ್ಟಿದರೆ ಅದಕ್ಕೆ ಹಾಲು ಬಿಡುತ್ತಿದ್ದರು, ಮುಂದೆ ಎಮ್ಮೆಯಾಗುತ್ತದಲ್ಲ. ಗಂಡುಗರುವಿಗೆ ಮಾತ್ರ ತಾಯಿ ಹಾಲು ಇಳಿಸುವಷ್ಟು ಹೊತ್ತು ಕೆಚ್ಚಲು, ಆಮೇಲೆ ಎಳೆದು ಗೂಟಕ್ಕೆ. ಯಾರೂ ಅದನ್ನು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅದು ತನ್ನಷ್ಟಕ್ಕೆ ಸೊರಗುತ್ತಿತ್ತು. ಒಂದು ಬೇಸಿಗೆಯಲ್ಲಿ ಹಾಗೇ ಒಂದು ಕರು ಸತ್ತಿತು, ಎಮ್ಮೆ ಹಾಲು ಬಿಡದಾಯಿತು. ಕಾಕಾ ಆ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ತಂದು ಎಮ್ಮೆಯ ಮುಂದೆ ನಿಲ್ಲಿಸಿದ. ಕಾಕಾ ಕೆಟ್ಟವನಲ್ಲ, ಊರಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿದ. ಎಮ್ಮೆ ಅದನ್ನು ನೆಕ್ಕುತ್ತ ನೆಕ್ಕುತ್ತ ಹಾಲು ಬಿಟ್ಟಿತು. ಕೆಳಗೆ ಚೆಂಬು ಹಿಡಿದು ಕುಳಿತಿದ್ದವಳು ಚಿಗವ್ವ.

ಅಂದಿನಿಂದ ಆಕೆ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಳು. ಹಿಂಡುವುದನ್ನು ಬಿಡಲಿಲ್ಲ, ಮನೆಯ ಸೊಸೆ ಅದನ್ನು ಹೇಗೆ ಬಿಟ್ಟಾಳು? ಒಂದು ಸಂಜೆ ದನದ ಕೊಟ್ಟಿಗೆಯಲ್ಲಿ ನನಗೆ ಹೇಳಿದಳು:

"ಅದರ ಪಾಲು ಅದಕ್ಕ ಬಿಡಲಿಲ್ಲ ನಾವು. ಸೋಮವಾರ ಬಸವಣ್ಣನ ವಾರ ಅಂತ ಎತ್ತಿನ ಹೆಗಲ ಮ್ಯಾಲೆ ನೊಗ ಇಡಂಗಿಲ್ಲ. ಎಮ್ಮಿಗೆ ಯಾ ವಾರ ಐತವಾ?"

ನಾನು ಕಿಸಕ್ಕನೆ ನಕ್ಕೆ. ಶಾಲೆಗೆ ಹೋಗುವ ಹುಡುಗಿ, ಎಲ್ಲದಕ್ಕೂ ನಗು ಬರುವ ವಯಸ್ಸು.

ನಮ್ಮ ಕಡೆ ಹೆಂಗಸೊಬ್ಬಳು ತಿನ್ನುವುದೊಂದನ್ನು ಬಿಟ್ಟಳೆಂದರೆ ಹರಕೆ ಹೊತ್ತಿದ್ದಾಳೆ ಎಂದೇ ಅರ್ಥ. ಯಾವ ದೇವರಿಗೆ, ಯಾವ ದೇವರಿಗೆ ಅಂತ ಊರೆಲ್ಲ ಕೇಳಿತು. "ಹಿಂಗ, ಒಲ್ಲೆ" ಅನ್ನುವುದನ್ನು ಬಿಟ್ಟು ಆಕೆ ಬೇರೇನೂ ಹೇಳಲಿಲ್ಲ. ಕಡೆಗೆ ಕಾಕಾನೇ ತೀರ್ಪು ಕೊಟ್ಟ. "ನನ್ನ ಮೊಳಕಾಲು ನೋವಿಗೆ ಹೊತ್ತಾಳ. ಹೇಳಾಕ ನಾಚತಾಳ." ಕಟ್ಟೆಕಟ್ಟೆಗೂ ಅದನ್ನೇ ಹೇಳಿಕೊಂಡು ತಿರುಗಿದ. ಅಷ್ಟು ಹಿಗ್ಗಿದ ಗಂಡನಿಗೆ ಇಲ್ಲವೆನ್ನಲು ಚಿಗವ್ವನಿಗೆ ನಾಲಿಗೆ ಏಳಲಿಲ್ಲ. ಹಾಳಾದ್ದು, ಮರುವರ್ಷ ಮೊಳಕಾಲು ನೋವು ಕಡಿಮೆಯೂ ಆಗಬೇಕೆ!

ಇನ್ನೇನು, ಹರಕೆ ತೀರಿಸಬೇಕು. ಊರ ಬಸವಣ್ಣನ ಗುಡಿಯಲ್ಲಿ ಹಾಲಿನ ಅಭಿಷೇಕ, ಬಂದವರಿಗೆಲ್ಲ ಊಟ. ಬಿಟ್ಟದ್ದನ್ನು ಬಾಯಿಗಿಟ್ಟರೇ ಹರಕೆ ತೀರಿದಂತೆ ಎಂದು ಪೂಜಾರಿ ಹಾಲಿನ ಬಟ್ಟಲನ್ನು ಚಿಗವ್ವನ ಮುಂದೆ ಹಿಡಿದ. ಆಕೆ ಬಟ್ಟಲು ನೋಡಿದಳು, ಕಾಕಾನ ಮುಖ ನೋಡಿದಳು, ಕುಡಿದುಬಿಟ್ಟಳು. ಎಲ್ಲರೂ ಹರಹರ ಎಂದರು. ಮುಂದೆ ಮನೆಯಲ್ಲಿ ಹಾಲಿನ ಚಹಾ ಕೊಟ್ಟರೂ ಸುಮ್ಮನೆ ಕುಡಿಯುತ್ತಿದ್ದಳು. ಯಾಕೆ ಚಿಗವ್ವ ಎಂದು ಹಿತ್ತಲಲ್ಲಿ ಕೇಳಿದ್ದಕ್ಕೆ, "ದೇವರ ಹೆಸರಿಲೆ ಬಿಟ್ರ ಕೈ ಮುಗೀತಾರ. ಎಮ್ಮಿ ಹೆಸರಿಲೆ ಅಂದ್ರ ನಿನ್ನಂಗ ನಗತಾರ" ಅಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಾದರೂ ಇದ್ದಿದ್ದರೆ ನನಗೆ ಈಗ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆಕೆ ತೀರಿಕೊಂಡ ಮೂರನೆಯ ದಿನ ಗೋರಿಗೆ ಹಾಲು-ತುಪ್ಪ ಎರೆಯಲು ಹೋದೆವು. "ಚಿಗವ್ವ ಹಾಲು ಒಲ್ಲೆ ಅಂತಿದ್ದಳಲ್ರೀ" ಎಂದು ನಾನು ಬಾಯಿ ತೆಗೆದೆ. "ಆ ಹರಕಿ ಯಾವಾಗೋ ತೀರೇತಿ ಬಿಡವಾ" ಅಂದರು ಹಿರಿಯರು. ಕಾಕಾ ತಂಬಿಗೆ ಬಗ್ಗಿಸುತ್ತ ಅತ್ತ. "ನನ್ನ ಸಲುವಾಗಿ ಬಾಯಿ ಕಟ್ಟಿದ್ದಿಯಲ್ಲ, ಈಗರ ಹೊಟ್ಟಿ ತುಂಬ ಕುಡಿ, ನೀಲಾ." ಹಾಲು ಮಣ್ಣಿನಲ್ಲಿ ಇಂಗುವುದನ್ನು ನೋಡುತ್ತ ನಿಂತೆ. ಅದೊಂದು ನೋವು ನನಗೆ ಇನ್ನೂ ಹೋಗಿಲ್ಲ.

ಇದನ್ನೆಲ್ಲ ನಿಮಗೆ ಹೇಳುತ್ತಿದ್ದೇನೆ, ರೇಣುಕಾಗೆ ಹೇಳಲಿಲ್ಲ. ಅವಳಿಗೆ ಹಾಲಿಲ್ಲದೆ ಬೇರೆ ಚಹಾ ಮಾಡಿಕೊಟ್ಟೆ. ಅವಳು ಮುಟ್ಟದ ಹಾಲಿನ ಚಹಾ ನಾನೇ ಕುಡಿದೆ. ಹಾಲು ಬಿಡುವ ಗಟ್ಟಿತನ ನನ್ನಲ್ಲಿಲ್ಲ. ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ನಾಳೆ ಅಕ್ಕನ ನಿಶ್ಚಯ ಐತ್ರೀ. ಅವ್ವ ಹೋಳಿಗಿ ಮ್ಯಾಲೆ ತುಪ್ಪ ಸುರಿಯಾಕ ಬರ್ತಾಳ. ಎಷ್ಟು ಹೇಳಿದ್ರೂ ತಿಳಕೊಳ್ಳಂಗಿಲ್ಲ. ಹರಕಿ ಹೊತ್ತೀನಿ ಅಂದುಬಿಡ್ಲೇನ್ರೀ? ಎಲ್ಲಾರೂ ಸುಮ್ಮನಾಗ್ತಾರ" ಅಂದು ನಕ್ಕಳು.

ನಾನು ಅವಳ ಕೈ ಗಟ್ಟಿಯಾಗಿ ಹಿಡಿದೆ.

"ಬ್ಯಾಡ ತಂಗಿ. ಕರುವಿನ ಸಲುವಾಗಿ ಬಿಟ್ಟೀನಿ ಅಂತನ ಹೇಳು, ನಕ್ಕರ ನಗಲಿ. ಹರಕಿ ಅಂತ ಮಾತ್ರ ಅನಬ್ಯಾಡ. ತೀರಿಸಿಬಿಡ್ತಾರವಾ."