ಪಂಚಾಯಿತಿಗೆ ಬೀಗ ಬಿದ್ದ ದಿನ

ಮನೆ ಕರ ಏರಿಸಿದ ನೋಟೀಸುಗಳನ್ನು ಪ್ರಿಂಟ್ ತೆಗೆದವಳು ನಾನೇ. ಪಂಚಾಯಿತಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್, ಅದೂ ಗುತ್ತಿಗೆಯ ಮೇಲೆ. ಹಳಿಯಾಳದಿಂದ ಮುಂಡಗೋಡದ ಕಡೆ ಹೋಗುವಾಗ ಕಾಡಿನ ಅಂಚಿಗೆ ಸಿಗುವ ಊರು ನಮ್ಮದು. ಹಾಳೆಗಳು ಒಂದೊಂದಾಗಿ ಹೊರಬೀಳುತ್ತಿದ್ದಾಗ ನಮ್ಮ ಮನೆಯದೂ ಬಿತ್ತು. ಮೇಲೆ ಅತ್ತೆಯ ಹೆಸರಿತ್ತು. ಕರ, ನಮ್ಮ ಕಡೆ ಪಟ್ಟಿ ಅನ್ನುತ್ತಾರೆ, ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಬೇರೆಯವರ ಕೈಯಲ್ಲಿ ಕಳಿಸಲು ಮನಸ್ಸಾಗದೆ ನಾನೇ ಒಯ್ದೆ. ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ನೋಟೀಸಿಗೆ ಕೈ ಚಾಚಲಿಲ್ಲ.

“ನಳಕ್ಕ ನೀರ ಬರಲಾರದ ಮನಿಗೆ ಯಾತರ ಪಟ್ಟಿ?”

“ನಾ ಹಾಕಿದ್ದಲ್ಲರಿ ಅತ್ತಿ. ಮ್ಯಾಲಿಂದ ಬಂದೈತಿ.”

“ಊರ ಬಾಗಲಾಗ ಕಮಾನು ಕಟ್ಟಾಕತ್ತಾರಲ್ಲ, ಅದೂ ಮ್ಯಾಲಿಂದ ಬಂದೈತೇನು?”

ನೋಟೀಸನ್ನು ಮೊರದ ಪಕ್ಕ ಇಟ್ಟೆ. ನಮ್ಮ ಮೇಲಿನ ಓಣಿಯ ಬೋರಿನ ಮೋಟರು ಚಳಿಗಾಲದಲ್ಲೇ ಸುಟ್ಟಿತ್ತು. ಹೆಂಗಸರು ಗದ್ದೆಗಳಾಚೆಯಿಂದ ನೀರು ಹೊರುತ್ತಿದ್ದರು. ಅದೇ ಹೊತ್ತಿಗೆ ಊರ ಬಾಗಿಲಲ್ಲಿ ಸ್ವಾಗತ ಕಮಾನಿನ ಕಂಬಗಳು ಏಳುತ್ತಿದ್ದವು. ಅಧ್ಯಕ್ಷರು, ಸದಸ್ಯರ ಹೆಸರು ಕೆತ್ತಿಸಲು ಕಪ್ಪು ಕಲ್ಲು ಕೂಡ ಬಂದು ಬಿದ್ದಿತ್ತು.

ನನ್ನ ಗಂಡ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಡಿಯುತ್ತಾರೆ, ಮನೆಗೆ ಬರುವುದು ವಾರದ ರಜೆಗೆ. ಉಳಿದ ದಿನ ಮನೆಯಲ್ಲಿ ನಾವಿಬ್ಬರೇ. ನೋಟೀಸು ಬಂದ ಮೇಲೆ ನಮ್ಮ ಮಾತು ಉಪ್ಪು, ಖಾರಕ್ಕಷ್ಟೇ ಇಳಿಯಿತು.

ಬೀಗ ಬಿದ್ದ ದಿನ ಬೆಳಿಗ್ಗೆಯೂ ಅತ್ತೆ ಎಂದಿನಂತೆ ನನ್ನ ಬುತ್ತಿ ಕಟ್ಟಿಕೊಟ್ಟರು. ನಾನು ಕಚೇರಿಯಲ್ಲಿ ಕಂಪ್ಯೂಟರು ಹಚ್ಚಿ ಕೂತಿದ್ದೆ. ಪಿಡಿಓ ಸಾಹೇಬರು ಆಗಷ್ಟೇ ಬಂದಿದ್ದರು. ಚಿಕ್ಕ ವಯಸ್ಸಿನವರು, ಇದು ಅವರ ಮೊದಲ ನೌಕರಿ. ಹೊರಗೆ ಗದ್ದಲ ಕೇಳಿ ಕಿಟಕಿಗೆ ಬಂದೆ. ಖಾಲಿ ಕೊಡ ಹಿಡಿದ ಹೆಂಗಸರು ಅಂಗಳ ತುಂಬಿದ್ದರು. ಮುಂದೆ ನಿಂತಿದ್ದವಳು ಕಾಡಂಚಿನ ಕೇರಿಯ, ಸಿದ್ದಿ ಜನಾಂಗದ ಹೆಂಗಸು. ಹಿಂದೊಮ್ಮೆ ಪಂಚಾಯಿತಿಯ ಸದಸ್ಯೆಯಾಗಿದ್ದವಳು, ನನ್ನ ಅತ್ತೆಯ ಗೆಳತಿ. ಅವಳ ಮಗ್ಗುಲಲ್ಲಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು, ಅತ್ತೆ.

“ಸಾಹೇಬ್ರ, ಹೊರಗ ಬರ್ರಿ!” ಎಂದು ಹೆಂಗಸರು ಕೂಗಿದರು.

ಸಾಹೇಬರು ಹೋಗಲಿಲ್ಲ. ಅಧ್ಯಕ್ಷರಿಗೆ ಫೋನು ಹಚ್ಚಿದರು. ಅತ್ತ ಯಾರೂ ಎತ್ತಲಿಲ್ಲ. ಮತ್ತೆ ಹಚ್ಚುತ್ತಿರುವಾಗಲೇ ಬಾಗಿಲು ಧಡ್ಡನೆ ಮುಚ್ಚಿತು, ಹೊರಗಿನಿಂದ ಚಿಲಕ ಎಳೆದ ಸಪ್ಪಳವಾಯಿತು.

“ಬೀಗ ಹಾಕಿದ್ರು,” ಎಂದರು ಸಾಹೇಬರು. ಒಳಗೆ ನಾವಿಬ್ಬರೇ ಉಳಿದೆವು.

ಮಧ್ಯಾಹ್ನದವರೆಗೆ ಬರೀ ಘೋಷಣೆ ನಡೆಯಿತು. ಆಮೇಲೆ ಕರೆಂಟು ಹೋಯಿತು, ಫ್ಯಾನು ನಿಂತಿತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಗಂಡಸರು ಬೈಕುಗಳ ಮೇಲೆ ಬಂದರು. ಕೂಗಿನ ದನಿಯೇ ಬದಲಾಯಿತು. ನನ್ನ ಬುತ್ತಿ ಬಿಚ್ಚದೆ ಹಾಗೇ ಇತ್ತು. ಒಂದು ಕಲ್ಲು ಕಿಟಕಿಯ ಗಾಜು ಒಡೆದು ನನ್ನ ಮೇಜಿನ ಮೇಲೆ ಬಿತ್ತು. ಸಾಹೇಬರು ಗೋಡೆಗೆ ಒತ್ತಿ ನಿಂತು ಪೊಲೀಸರಿಗೆ ಫೋನು ಮಾಡತೊಡಗಿದರು.

“ಯಾಂವಲೇ ಅಂವ ಕಲ್ಲ ಒಗದಾಂವ?” ಸಿದ್ದಿ ಹೆಂಗಸಿನ ದನಿ ಎಲ್ಲರ ಮೇಲೆ ಕೇಳಿಸಿತು. “ಒಳಗ ನಮ್ಮ ಹುಡಿಗಿ ಅದಾಳ. ಇನ್ನೊಂದ ಒಗ್ಯೂದಿದ್ರ ಮೊದಲ ನನಗ ಒಗಿ!” ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು.

ಅತ್ತೆ ಒಡೆದ ಕಿಟಕಿಯ ಹತ್ತಿರ ಬಂದರು. ನನ್ನ ಮುಖ ನೋಡಿದರು, ಕೈ ನೋಡಿದರು. ಪೆಟ್ಟಾಯಿತೇ ಎಂದು ಕೇಳುತ್ತಾರೆ ಅಂದುಕೊಂಡೆ. ಅವರು ಎಲ್ಲರಿಗೂ ಕೇಳುವಂತೆ ಹೇಳಿದರು:

“ಆಪರೇಟರ್ ಬಾಯಾರ, ನಿಮ್ಮ ಸಾಹೇಬ್ರಿಗೆ ಹೇಳ್ರಿ. ಪಟ್ಟಿ ಏರಿಸೂದು ಬಂದ್, ಕಮಾನಿನ ಕೆಲಸಾ ಬಂದ್ ಅಂತ ಬರದು ಕೊಡ್ಲಿ. ಬೀಗ ತಗೀತೇವಿ.”

ಮದುವೆಯಾದಾಗಿನಿಂದ ಅವರು ನನ್ನನ್ನು ಬಹುವಚನದಲ್ಲಿ ಕರೆದವರಲ್ಲ.

ಸಾಹೇಬರು ಅವಸರದಲ್ಲಿ ಏನೋ ಬರೆದು ನನ್ನ ಕೈಗಿಟ್ಟರು. “ನೀವ ಓದ್ರಿ ಮೇಡಂ. ನೀವಂದ್ರ ನಂಬತಾರ.”

ಕಣ್ಣಾಡಿಸಿದೆ. ಸಾರ್ವಜನಿಕರ ಮನವಿಯನ್ನು ಪರಿಶೀಲಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು ಎಂದಷ್ಟೇ ಇತ್ತು. ನಾನು ತಲೆಯೆತ್ತಿದ ಕೂಡಲೇ ಅವರು ದನಿ ತಗ್ಗಿಸಿದರು.

“ರದ್ದ ಆತು ಅಂತ ಓದಿಬಿಡ್ರಿ. ಪೊಲೀಸ್ರು ದಾರ್ಯಾಗ ಅದಾರ. ಮೊದಲ ಇಲ್ಲಿಂದ ಹೊರಗ ಬೀಳೂಣು.”

ಗುತ್ತಿಗೆ ಮುಂದುವರಿಯಲು ನನಗೆ ಇವರದೇ ಸಹಿ ಬೇಕು. ಹೊರಗೆ ಗದ್ದಲ ಅಡಗಿ ಎಲ್ಲರೂ ಕಿಟಕಿಯನ್ನೇ ನೋಡುತ್ತಿದ್ದರು. ಅತ್ತೆಗೆ ಓದು ಬರುವುದಿಲ್ಲ, ನಾನು ಹೇಳಿದ್ದೇ ಅವರಿಗೆ ಅಕ್ಷರ. ಇದ್ದದ್ದನ್ನು ಇದ್ದ ಹಾಗೆ ಓದಿದೆ.

“ಪರಿಶೀಲನಾ ಬ್ಯಾಡ!” ಎಂಬ ಕೂಗು ಎದ್ದಿತು. ಕೊಡಗಳನ್ನು ಮೆಟ್ಟಿಲಿಗೆ ಬಡಿದರು. ಯಾರೋ ಬಾಗಿಲನ್ನು ದೂಡಿದ ರಭಸಕ್ಕೆ ಚೌಕಟ್ಟೇ ಅಲುಗಿತು.

“ನಮ್ಮಿಬ್ಬರ್ನೂ ಸಾಯಸ್ತೀರಿ ನೀವು,” ಎಂದರು ಸಾಹೇಬರು.

ನಾನು ಇನ್ನೊಂದು ಹಾಳೆ ಅವರ ಮುಂದಿಟ್ಟೆ. “ಗ್ರಾಮಸಭೆ ಆಗೂತನಕ ವಸೂಲಿ ಇಲ್ಲ, ಕಮಾನಿನ ಕೆಲಸ ನಿಲ್ಲಸ್ತೇವಿ ಅಂತ ಬರೀರಿ ಸರ್. ಅಷ್ಟರ ನಿಮ್ಮ ಕೈಯಾಗ ಐತಲ್ಲ.”

ಅಷ್ಟರಲ್ಲಿ ಜೀಪು ಬಂತು. ಲಾಠಿ ಹಿಡಿದ ಪೊಲೀಸರು ಇಳಿದು ದಾರಿ ಬಿಡಿ ಎಂದು ಗದರಿದರು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಅಲ್ಲೇ ಕೂತುಬಿಟ್ಟರು. ಸಿದ್ದಿ ಹೆಂಗಸು ಬಾಗಿಲು ಬಿಡಲಿಲ್ಲ. ಒಂದು ಲಾಠಿ ಮೇಲೆದ್ದದ್ದು ಕಂಡೆ. ಸಾಹೇಬರೂ ಕಂಡರು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದಿದ್ದರೆ ಅವರ ಬಿಡುಗಡೆ ಪೊಲೀಸರಿಂದಲೇ ಆಗುತ್ತಿತ್ತು. ಅವರು ಕಿಟಕಿಯತ್ತ ಒಮ್ಮೆ ನೋಡಿ, ಬಗ್ಗಿ ಬರೆದರು, ಸಹಿ ಹಾಕಿದರು, ಮೊಹರು ಒತ್ತಿದರು. “ಹೊಡೀಬ್ಯಾಡ್ರಿ!” ಎಂದು ಹೊರಗೆ ಕೂಗಿದವರೂ ಅವರೇ.

ನಾನು ಓದಿದೆ.

“ಅಷ್ಟೂ ಬರದೈತೇನು?” ಅತ್ತೆ ಕೇಳಿದರು.

“ಬರದೈತ್ರಿ.”

ಅವರು ಒಡೆದ ಗಾಜಿನ ನಡುವೆ ಕೈ ತೂರಿಸಿ ಹಾಳೆ ಇಸಿದುಕೊಂಡರು. ಬೀಗ ತೆಗೆದರು.

ಸಂಜೆ ಮನೆಯಲ್ಲಿ ನನಗೆ ತಡೆಯಲಾಗಲಿಲ್ಲ. “ನಾ ನಿಮಗ ಆಪರೇಟರ್ ಬಾಯಿ ಆದೆನೇನ್ರಿ?” ಎಂದು ಕೇಳಿದೆ.

ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. “ಸೊಸಿ ಅಂತ ಕರದಿದ್ರ ನೀನೂ ನಮ್ಮ ಕೂಡ ಅದೀ ಅಂತಿದ್ರು. ನಾಳೆ ನಿನ್ನ ನೌಕರಿ ಉಳೀತಿತ್ತೇನು?” ಎಂದು ರೊಟ್ಟಿ ತಿರುವಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಪಕ್ಕದಲ್ಲೇ ಕೂತೆ.

ಗ್ರಾಮಸಭೆಯಲ್ಲಿ ಕರದ ಏರಿಕೆಯನ್ನು ಅರ್ಧಕ್ಕಿಂತ ಕೆಳಗಿಳಿಸಿದರು. ಮೋಟರು ರಿಪೇರಿಯಾಯಿತು. ಕಮಾನಿನ ಕೆಲಸ ನಿಂತದ್ದು ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಯಾವುದೋ ಅನುದಾನದಲ್ಲಿ ಕಟ್ಟಿ ಮುಗಿಸಿದರು. ಸಾಹೇಬರು ಬಹಳ ದಿನ ನನ್ನೊಡನೆ ಕೆಲಸದ ಹೊರತು ಮಾತಾಡಲಿಲ್ಲ, ಆದರೆ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಿದರು. ಪೊಲೀಸರಿಗೆ ದೂರನ್ನೂ ಕೊಡಲಿಲ್ಲ.

ಆದರೂ ಸಿದ್ದಿ ಹೆಂಗಸಿನ ಮೇಲೆ ಪೊಲೀಸರು ತಾವಾಗಿಯೇ ಕೇಸು ಹಾಕಿದರು, ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದಳೆಂದು. ಅದು ಇನ್ನೂ ಮುಗಿದಿಲ್ಲ. ತಾರೀಖು ಬಂದಾಗಲೆಲ್ಲ ಅವಳು ಕೂಲಿ ಬಿಟ್ಟು ಕೋರ್ಟಿಗೆ ಹೋಗುತ್ತಾಳೆ. ಅತ್ತೆ ಇಬ್ಬರಿಗಾಗುವಷ್ಟು ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಅವಳ ಜೊತೆ ಹೊರಡುತ್ತಾರೆ.