ಶಾಲೆ ವೇಳೆಗೆ ಬಾಗಿಲು ತೆಗೆಯದವರು

ಚೆಂಬೂರಿನ ಆ ಚಾಳಿನಲ್ಲಿ ಜುಬೇದಾಳಿಗೆ ಜಗಳಗಂಟಿ ಎಂಬ ಹೆಸರು ಮೊದಲೇನೂ ಇರಲಿಲ್ಲ. ಇಂಡಿ ತಾಲ್ಲೂಕಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ, ನಳದ ಸಾಲಿನಲ್ಲಿ ಯಾರಾದರೂ ಅವಳ ಕೊಡವನ್ನು ಹಿಂದೆ ಸರಿಸಿದರೂ ತುಟಿ ಬಿಚ್ಚುತ್ತಿರಲಿಲ್ಲ. ಗಂಡ ಶರೀಫ ಬಿಲ್ಡಿಂಗುಗಳಿಗೆ ಬಣ್ಣ ಹೊಡೆಯುವವನು. ಅವಳು ಹೊಸ್ತಿಲಲ್ಲಿ ಕೂತು, ಕಾರ್ಖಾನೆಯಿಂದ ಬಂದ ಶರ್ಟುಗಳ ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸುತ್ತಿದ್ದಳು. ಬಾಯಿಗಿಂತ ಕತ್ತರಿಯೇ ಹೆಚ್ಚು ಓಡುತ್ತಿದ್ದ ಕಾಲ ಅದು.

ಮಗಳು ಗುಲಾಫಶಾ ನಾಲ್ಕನೆಯ ಇಯತ್ತೆ ಮುಗಿಸಿದಾಗ, ಇನ್ನು ಸಾಕು ಎಂದು ಮನೆಯಲ್ಲೇ ಉಳಿಸಿಕೊಂಡಿದ್ದರು. ಇಬ್ಬರು ಕೂತರೆ ಶರ್ಟುಗಳ ಗಂಟು ಬೇಗ ಮುಗಿಯುತ್ತಿತ್ತು. ಶಾಲೆ ಶುರುವಾದ ವಾರವೇ ಮಹಾದೇವಿ ಅಕ್ಕೋರು ಬಂದರು. ಮುಲುಂಡಿನಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಿಸಿ ದಿನಾ ಬರುವ ಮುನಿಸಿಪಾಲಿಟಿ ಕನ್ನಡ ಶಾಲೆಯ ಟೀಚರು. ಉಪದೇಶ ಮಾಡಲಿಲ್ಲ. ಜುಬೇದಾಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಇನ್ನೊಂದು ಕತ್ತರಿ ಎತ್ತಿಕೊಂಡರು.

“ಇಕಿ ಪಾಲಿನ ದಾರ ನಾ ಕತ್ತರಸ್ತೀನಿ. ಇಕೀನ್ನ ಶಾಲಿಗಿ ಕಳಸು” ಎಂದರು.

ಜುಬೇದಾಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಕತ್ತರಿ ಕಸಿದುಕೊಂಡಳು. ಮಗಳು ಮರುದಿನದಿಂದ ಶಾಲೆಗೆ ಹೋದಳು.

ಗುಲಾಫಶಾ ಏಳನೆಯ ಇಯತ್ತೆಯಲ್ಲಿದ್ದಾಗ ಅಕ್ಕೋರು ಮತ್ತೆ ಅದೇ ಹೊಸ್ತಿಲಿಗೆ ಬಂದರು. ಈ ಸಲ ಸರಕಾರದ ಮನೆ ಮನೆ ಸರ್ವೆಗೆ. ಅದೂ ಶಾಲೆ ನಡೆಯುವ ಹೊತ್ತಿನಲ್ಲಿ. ಮಕ್ಕಳನ್ನು ಯಾರು ನೋಡುತ್ತಾರೆ ಎಂದು ಜುಬೇದಾ ಕೇಳಿದಳು. ಯಕ್ಷಿತಾ ಟೀಚರು ಒಬ್ಬರೇ ಎರಡು ವರ್ಗ ನೋಡಿಕೊಳ್ಳುತ್ತಿದ್ದಾರೆ, ಮೇಲಿನವರ ಹುಕುಂ, ನಾನೇನು ಮಾಡಲಿ ಎಂದು ಅಕ್ಕೋರು ತಲೆ ತಗ್ಗಿಸಿ ಹೆಸರು ಬರೆದುಕೊಳ್ಳತೊಡಗಿದರು. ಚಹಾದ ಕಪ್ಪು ಕೈಗೆ ಕೊಡುವಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಏಳನೆಯ ವರ್ಗದ ಕೋಣೆಯಲ್ಲಿ ಮಾಳಿಗೆಯ ಸಿಮೆಂಟಿನ ಗಿಲಾವು ಕಳಚಿ ಮಕ್ಕಳ ಮೇಲೆ ಬಿದ್ದಿತ್ತು. ಪೆಟ್ಟಾದದ್ದು ಗುಲಾಫಶಾಳಿಗೆ.

ಇಬ್ಬರೂ ಚಪ್ಪಲಿ ಮೆಟ್ಟದೆ ಓಡಿದರು. ರಿಕ್ಷಾದಲ್ಲಿ ಹುಡುಗಿಯ ಹಣೆಗೆ ಅಕ್ಕೋರು ತಮ್ಮ ಸೆರಗನ್ನೇ ಒತ್ತಿ ಹಿಡಿದಿದ್ದರು. ಆಸ್ಪತ್ರೆಯಲ್ಲಿ ಹೊಲಿಗೆ ಬಿತ್ತು. ಕಣ್ಣು ಉಳಿಯಿತು.

ಮರುದಿನ ಧನರಾಜ್ ಬಂದ. ಆ ಗಲ್ಲಿಯ ಪುಢಾರಿ, ಎಲ್ಲಿ ಗದ್ದಲವಾದರೂ ಮೊಬೈಲ್ ಹಿಡಿದು ಹಾಜರಾಗುವವನು. ಹುಡುಗಿಯ ಪಟ್ಟಿ ಕಟ್ಟಿದ ಹಣೆಯ ಫೋಟೊ ಆಗಲೇ ಎಲ್ಲರ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ವರ್ಗ ಬಿಟ್ಟು ತಿರುಗುವ ಟೀಚರ್ ಎಂದು ಕೆಳಗೆ ಬರೆದಿತ್ತು.

“ಜುಬೇದಾಬಾಯಿ, ನೀವು ತಾಯಿ. ಟೀಚರ್ ವರ್ಗದಲ್ಲಿ ಇರಲಿಲ್ಲ ಅಂತ ಕ್ಯಾಮೆರಾ ಎದುರು ಒಂದು ಮಾತು ಹೇಳಿ ಸಾಕು. ಉಳಿದದ್ದು ನಾನು ನೋಡಿಕೊಳ್ತೇನೆ” ಎಂದ.

ಜುಬೇದಾ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಕ್ಯಾಮೆರಾವನ್ನೇ ನೋಡಿದಳು.

“ಟೀಚರ್ ವರ್ಗದಾಗ ಇರಲಿಲ್ಲ, ಖರೆ. ನನ್ನ ಬಾಗಲದಾಗ ಕುಂತು ಸರಕಾರದ ಕೆಲಸ ಮಾಡಾಕತ್ತಿದ್ರು. ಅವರನ್ನ ಕಳಿಸಿದವರ ಹೆಸರ ಹೇಳ್ರಿ, ಅದನ್ನೂ ಹೇಳ್ತೀನಿ. ಮಾಳಿಗಿ ರಿಪೇರಿ ಮಾಡದವರ ಹೆಸರನೂ ಹೇಳ್ತೀನಿ.”

ಧನರಾಜ್ ಫೋನು ಜೇಬಿಗಿಳಿಸಿದ. ಆ ವೀಡಿಯೊ ಯಾರಿಗೂ ಹೋಗಲಿಲ್ಲ. ಆದರೆ ಅಕ್ಕೋರಿಗೆ ನೋಟಿಸು ಬಂತು: ವರ್ಗದಲ್ಲಿ ಗೈರುಹಾಜರಿ, ಉತ್ತರ ಕೊಡಿ.

ಜುಬೇದಾ ಮುನಿಸಿಪಾಲಿಟಿ ಆಫೀಸಿಗೆ ಹೊರಟಳು. ಶರೀಫ ಬೇಡವೆಂದ. ನಾವು ಹೊರಗಿನಿಂದ ಬಂದವರು, ಇದೇ ಊರಲ್ಲಿ ಬಾಳಬೇಕು ಎಂದ. ಅವಳು ಹೋದಳು. ಹಿಂದಿ ಅರ್ಧ, ದಖನಿ ಅರ್ಧ ಮಾಡಿ, ಕಳಿಸಿದವರೂ ನೀವೇ, ಗೈರುಹಾಜರಿ ಎನ್ನುವವರೂ ನೀವೇ, ಇದು ಯಾವ ನ್ಯಾಯ ಎಂದು ಅಲ್ಲಿನ ಸಾಹೇಬನನ್ನು ಕೇಳಿದಳು. ಸಾಹೇಬ ತಲೆಯೆತ್ತದೆ, ಸರ್ವೆ ನಿಲ್ಲಿಸಲಾಗದು, ಅದು ಮೇಲಿನ ಕೆಲಸ ಎಂದ. ಮೆಟ್ಟಿಲಿಳಿಯುವಾಗ ಆ ಮಾತೇ ಅವಳಿಗೆ ದಾರಿ ತೋರಿಸಿತು. ನಿಲ್ಲಿಸಲಾಗದ ಕೆಲಸ ನಡೆಯಬೇಕಾದದ್ದು ತಮ್ಮ ಹೊಸ್ತಿಲುಗಳಲ್ಲೇ ಅಲ್ಲವೇ?

ಶಾಲೆ ವೇಳೆಯಲ್ಲಿ ಸರ್ವೆಗೆ ಬಂದವರಿಗೆ ಯಾರೂ ಬಾಗಿಲು ತೆಗೆಯಬಾರದು ಎಂದು ಸಂಜೆ ನಳದ ಸಾಲಿನಲ್ಲಿ ಮಾತು ತೆಗೆದಳು. ಪಕ್ಕದ ಖೋಲಿಯ ಇಂದ್ರಾಬಾಯಿಯೇ ಮೊದಲು ಅಡ್ಡ ಬಂದಳು. ಸರಕಾರಿ ಪಗಾರ ತಿನ್ನುವವರಿಗಾಗಿ ನಾವ್ಯಾಕೆ ಬಡಿದಾಡಬೇಕು ಎಂಬುದು ಅವಳ ವಾದ. ನಿನ್ನ ಮಗ ಸಂಜೆ ಬಂದು ನಿನಗೆ ಕತೆ ಓದಿ ಹೇಳುತ್ತಾನಲ್ಲ, ಅದು ಯಾರ ಪಗಾರದ್ದು ಎಂದು ಜುಬೇದಾ ಕೇಳಿದಳು. ಇಂದ್ರಾಬಾಯಿ ಕೊಡ ತುಂಬಿಸಿಕೊಂಡು ಹೋದಳು. ಆದರೆ ಮರುದಿನ ಬೇರೆ ಶಾಲೆಯ ಮಾಸ್ತರರೊಬ್ಬರು ಸರ್ವೆಗೆ ಬಂದಾಗ ಮೊದಲು ಚಿಲಕ ಹಾಕಿಕೊಂಡವಳು ಅವಳೇ. ಒಳಗಿನಿಂದಲೇ, “ಮಾಸ್ತರ, ನಿಮ್ಮ ಹುಡುಗರು ಅಲ್ಲಿ ಕಾಯಾಕತ್ತಾವ, ಹೋಗ್ರಿ. ಶಾಲಿ ಬಿಟ್ಟ ಮ್ಯಾಲ ಆಫೀಸಿನವರು ಬರಲಿ” ಎಂದಳು. ಚಾಳಿನ ಉದ್ದಕ್ಕೂ ಅದೇ ಉತ್ತರ. ವಾರದೊಳಗೆ ಹಿಂದಿನ ಚಾಳಿನವರೂ ಚಿಲಕ ಹಾಕಿದರು.

ರೇಷನ್ ಕಾರ್ಡಿನಿಂದ ಹೆಸರು ಹಾರಿಸುತ್ತಾರೆ ಎಂದು ಧನರಾಜ್ ಹೆದರಿಸಿದ. ಕೆಲವರು ಅಳುಕಿದರು. ಜುಬೇದಾಳೂ ತನ್ನ ಕಾರ್ಡನ್ನು ಡಬ್ಬಿಯಿಂದ ತೆಗೆದು ಮತ್ತೊಮ್ಮೆ ನೋಡಿಕೊಂಡಳು. ಚಿಲಕ ಮಾತ್ರ ಸರಿಯಲಿಲ್ಲ.

ಕೊನೆಗೆ ಅಕ್ಕೋರೇ ಓಡಿ ಬಂದರು. ಮುಖ ಬಿಳಚಿಕೊಂಡಿತ್ತು. ನಾನೇ ಎತ್ತಿಕಟ್ಟಿದೆ ಅನ್ನುತ್ತಿದ್ದಾರೆ, ನನ್ನ ನೌಕರಿಗೇ ಸಂಚಕಾರ, ಬಿಟ್ಟುಬಿಡು ಎಂದು ಕೈ ಹಿಡಿದುಕೊಂಡರು. ಜುಬೇದಾ ಆ ಕೈ ಬಿಡಿಸಲಿಲ್ಲ.

“ನೌಕರಿ ನಿಮ್ದು ಅಕ್ಕೋರ, ಅದರಾಗ ನಾ ಬಾಯಿ ಹಾಕಂಗಿಲ್ಲ. ಬಾಗಲ ನಂದು. ಯಾವಾಗ ತೆಗೀಬೇಕು ಅನ್ನೂದು ನಾ ಹೇಳ್ತೀನಿ.”

ಅಕ್ಕೋರು ಕಣ್ಣೊರೆಸಿಕೊಂಡು ನಕ್ಕುಬಿಟ್ಟರು.

ಆ ಭಾಗದ ಸರ್ವೆ ಕುಂಟಿತು. ಸಾಹೇಬನ ಮೇಲಿನವರು ಸಾಹೇಬನನ್ನು ಕೇಳತೊಡಗಿದರು. ಒಂದು ರವಿವಾರ ಬೆಳಿಗ್ಗೆ ಆಫೀಸಿನ ಗುಮಾಸ್ತರು ತಾವೇ ಚೀಲ ಹೆಗಲಿಗೇರಿಸಿ ಬಂದರು. ಜುಬೇದಾ ಬಾಗಿಲನ್ನು ಪೂರಾ ತೆರೆದು, ಚಹಾ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಸೋಮವಾರ ಮಹಾದೇವಿ ಅಕ್ಕೋರು ವರ್ಗದಲ್ಲಿದ್ದರು. ನೋಟಿಸಿನ ಮಾತು ಅಲ್ಲಿಗೇ ಮುಚ್ಚಿಹೋಯಿತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ.

ಮುಂದಿನ ವರ್ಷ ಶಾಲೆಯ ಪಾಲಕರ ಸಮಿತಿಗೆ ಅವಳನ್ನು ತೆಗೆದುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಮೊದಲ ಸಭೆಗೆ ಬಂದ ಮುನಿಸಿಪಾಲಿಟಿ ಇಂಜಿನಿಯರು ಉಳಿದ ಕೋಣೆಗಳ ಮಾಳಿಗೆಯನ್ನು ಮಳೆಗಾಲ ಕಳೆದ ಮೇಲೆ ನೋಡೋಣ ಎಂದು ಎದ್ದು ನಿಂತ. ಮುಂದಿನ ಬೆಂಚಿನಲ್ಲಿದ್ದ ಜುಬೇದಾ ಕೂತಲ್ಲಿಂದಲೇ ಹೇಳಿದಳು: “ಆತು ಸಾಹೇಬ್ರ. ಅಲ್ಲೀತನಕ ನಮ್ಮ ಹುಡುಗರು, ನಮ್ಮ ಟೀಚರು ನಿಮ್ಮ ಆಫೀಸಿನಾಗ ಕುಂದರ್ತಾರ. ಅಲ್ಲಿ ಮಾಳಿಗಿ ಗಟ್ಟಿ ಅದ, ನಾ ನೋಡೀನಿ.”

ಇಂಜಿನಿಯರು ಮತ್ತೆ ಕೂತ.