ಜೇವರ್ಗಿಗೆ ಒಯ್ದ ಕೆಸರಿನ ಗಡಿಗೆ

ಸಾವಿರದ ಒಂಬೈನೂರ ನಲವತ್ತೆಂಟರ ಚಳಿಗಾಲದ ಒಂದು ಬೆಳಿಗ್ಗೆ ಆಳಂದದಲ್ಲಿ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಕೆರೆಯ ಕೆಸರು ತುಂಬಿದ ಗಡಿಗೆಯಿತ್ತು. ನಾತಕ್ಕೆ ಪಕ್ಕದವರು ಎದ್ದು ಹಿಂದೆ ಹೋದರು. ಒಂದೇ ಟಿಕೀಟಿಗೆ ಎರಡು ಜಾಗ ಸಿಕ್ಕಿತು.

ಗಡಿಗೆ ನನಗೆ ವಿಜ್ಞಾನ ಕಲಿಸಿದ ಖಾದರ್ ಮಾಸ್ತರರದು. ಹಳೆಯ ಬ್ಯಾಟರಿಯ ಎರಡು ಇದ್ದಲಿನ ಕಡ್ಡಿಗಳಲ್ಲಿ ಒಂದನ್ನು ಕೆಸರಿನಲ್ಲಿ ಹೂತು, ಇನ್ನೊಂದನ್ನು ಮೇಲಿನ ನೀರಿನಲ್ಲಿ ಇಳಿಬಿಟ್ಟು, ತಂತಿ ಕಟ್ಟಿದ್ದರು. ಕೆಸರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಕಡ್ಡಿಗೆ ಲೋಳೆಯಾಗಿ ಅಂಟಿಕೊಂಡು ಅದಕ್ಕೆ ವಿದ್ಯುತ್ತು ದಾಟಿಸುತ್ತವೆ ಎಂದು ಅವರ ವಾದ. ಎಲ್ಲ ಮಣ್ಣಿನ ಉಪ್ಪಿನ ಆಟ ಎಂದು ನನ್ನದು. ಅವರು ನಿವೃತ್ತರಾಗಿ, ಅದೇ ಶಾಲೆಯಲ್ಲಿ ಮಾಸ್ತರನಾಗಿದ್ದ ನನಗೆ ಗಡಿಗೆ ಒಪ್ಪಿಸಿ, ಜೇವರ್ಗಿಯ ಮಗಳ ಮನೆಗೆ ಹೋಗುವವರೆಗೂ ಶಾಲೆಯ ಮೀಟರಿನ ಮುಳ್ಳು ಅಲುಗಿರಲಿಲ್ಲ. ಹೋದ ಮೇಲೆ ಅಲುಗಿತು! ಕಾಗದ ಬರೆದು ತಿಳಿಸಿದೆ. "ಕಣ್ಣು ಮಂಜಾಗಾಕತ್ತಾವ. ಪೂರಾ ಹೋಗೂದರೊಳಗ ಒಮ್ಮೆ ತೋರ್ಸು" ಎಂದು ಬರೆಸಿದ್ದರು.

ದಾರಿ ತಪಾಸಣೆಯ ನಾಕಾದಲ್ಲಿ ಪೋಲೀಸ ತಂತಿ ನೋಡಿ ಹುಬ್ಬು ಗಂಟಿಕ್ಕಿದ. ಪೋಲೀಸ್ ಕಾರ್ಯಾಚರಣೆ ಮುಗಿದ ಹೊಸತು; ಆ ದಿನಗಳಲ್ಲಿ ತಂತಿ ಕಂಡರೆ ಬಾಂಬಿನ ಸಂಶಯ. ಮುಚ್ಚಳ ತೆಗೆದು ಮೂಸಿದವನು, "ಜಾವ್, ಜಾವ್" ಎಂದು ಮೂಗು ಮುಚ್ಚಿಕೊಂಡ.

ಅಫಜಲಪುರದಲ್ಲಿ ನನ್ನ ಅಕ್ಕ ನೀಲಮ್ಮನ ಮನೆಯಲ್ಲಿ ಇಳಿದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಬಂದವರ ಯಾವ ಸಾಮಾನೂ ಹೊಲಸಾಗಿ ಮನೆಯಿಂದ ಹೋಗಬಾರದೆಂಬುದು ಅವಳ ನೇಮ. ಮುಂಜಾನೆ ಎದ್ದಾಗ ನನ್ನ ಅಂಗಿ ಒಗೆದಿತ್ತು, ಚಪ್ಪಲಿಯ ಧೂಳೂ ಹೋಗಿತ್ತು.

ಮುಂದೆ ಎತ್ತಿನ ಗಾಡಿ, ಸೊರಗಿದ ಭೀಮೆಯಲ್ಲಿ ದೋಣಿ, ಮತ್ತೆ ಗಾಡಿ. ಜೇವರ್ಗಿ ಮುಟ್ಟಲು ಎರಡು ದಿನ ಹಿಡಿಯಿತು. ಮಾಸ್ತರರು ತಮ್ಮ ಹಳೆಯ ಮೀಟರು ಒರೆಸಿಟ್ಟು ಕಾಯುತ್ತಿದ್ದರು. ತಂತಿ ಜೋಡಿಸಿದೆ. ಮುಳ್ಳು ಸತ್ತಂತೆ ಬಿದ್ದಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮಾಸ್ತರರು ಕೆಸರಿನೊಳಗಿನ ಕಡ್ಡಿ ಎಳೆದು ಹೆಬ್ಬೆರಳಿನಿಂದ ಸವರಿದರು.

"ಇದನ್ನ ಯಾರೋ ತಿಕ್ಯಾರಲ್ಲೋ ಬಸಣ್ಣಾ. ಲೋಳಿನೇ ಇಲ್ಲ."

ನನಗೆ ಥಟ್ಟನೆ ಹೊಳೆಯಿತು. ನೀಲಕ್ಕನ ಪಾತ್ರೆ ತಿಕ್ಕುವ ಬೂದಿಯ ಕೈ.

"ನಮ್ಮಕ್ಕ ತಿಕ್ಕಿರಬೇಕ್ರಿ. ತಪ್ಪಾತ್ರಿ."

"ತಪ್ಪೆಲ್ಲಿದು? ಕೆಸರು ಅದೇ ಅದ, ನೀರು ಅದೇ, ಕಡ್ಡಿ ಅದೇ. ಹೋಗಿದ್ದು ಲೋಳಿ ಒಂದೇ. ಈಗ ಹೇಳು, ಉಪ್ಪಿನ ಆಟೇನು?"

ನಾನು ಗಡಿಗೆಯನ್ನು ಅವರ ಹತ್ತಿರಕ್ಕೆ ಸರಿಸಿದೆ. ಅವರು ಕಡ್ಡಿಯನ್ನು ಮತ್ತೆ ಕೆಸರಿಗೆ ಹೂತು, "ನಿಮ್ಮಕ್ಕಗ ನನ್ನ ಸಲಾಂ ಹೇಳು. ಅವು ಮತ್ತ ಬಂದು ಹತ್ತತಾವ, ಕಾಯೋಣ" ಎಂದರು.

ಎರಡು ದಿನಕ್ಕೆಂದು ಬಂದವನು ಶಾಲೆಗೆ ರಜೆ ಬರೆದು ಉಳಿದೆ. ದಿನಾ ಮುಂಜಾನೆ ಅವರು ಕೇಳುವುದು, ನಾನು ಇಲ್ಲರಿ ಅನ್ನುವುದು. ಅವರ ಕಣ್ಣು ಪೂರಾ ಹೋಗುವ ಮೊದಲು ಕೆಸರು ಗೆಲ್ಲಲಿ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ. ಎಂಟನೆಯ ದಿನ ಮುಳ್ಳು ಕೂದಲೆಳೆಯಷ್ಟು ಸರಿಯಿತು. ಮರುದಿನ ಎರಡು ಗೆರೆ ದಾಟಿತು.

ಗಡಿಗೆಯನ್ನು ಅಲ್ಲೇ ಬಿಟ್ಟು ಹೊರಟೆ. ಹಿಂದೆಲ್ಲ ನಾನು ಹೊರಟರೆ ಓಣಿ ತಿರುಗುವವರೆಗೂ ಮಾಸ್ತರರು ಕೈ ಎತ್ತಿ ನಿಲ್ಲುತ್ತಿದ್ದರು. ಈ ಸಲ ಮೂಲೆಯಲ್ಲಿ ತಿರುಗಿ ನಾನೇ ಕೈ ಎತ್ತಿದೆ. ಅವರು ನೋಡಲಿಲ್ಲ. ಕಟ್ಟೆಯ ಬಿಸಿಲಿನಲ್ಲಿ, ಮೂಗು ಮೀಟರಿನ ಗಾಜಿಗೆ ತಾಗುವಂತೆ ಬಗ್ಗಿ ಕೂತಿದ್ದರು.